ಕಾಲೇಜಿಗೆ ಯಾವ ಬಾಟ್ಲಿ? ಒಂದು ಬೇಸಿಗೆ ಹೊತ್ತು ನೋಡಿದ ಲೆಕ್ಕ

ನಾನು ದಿನಾ ಬಿ.ಸಿ. ರೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುವವಳು. ಫೆಬ್ರವರಿ ಕಳೆದರೆ ನಮ್ಮ ಕಡೆಯ ಸೆಕೆ ಕೇಳುವುದೇ ಬೇಡ. ಪಡೀಲು ದಾಟುವಷ್ಟರಲ್ಲಿ ಬೆನ್ನು ಪೂರಾ ಒದ್ದೆ. ಹೋದ ವರ್ಷದವರೆಗೆ ಹಂಪನಕಟ್ಟೆಯಲ್ಲಿ ಇಳಿದ ಕೂಡಲೇ 20 ರೂಪಾಯಿ ಕೊಟ್ಟು ನೀರಿನ ಬಾಟ್ಲಿ ತೆಗೆದುಕೊಳ್ಳುತ್ತಿದ್ದೆ. ತಿಂಗಳಿಗೆ 22 ಕ್ಲಾಸು ಅಂದರೆ 440 ರೂಪಾಯಿ. ಜೊತೆಗೆ 22 ಖಾಲಿ ಬಾಟ್ಲಿ, ಎಲ್ಲ ನಾನೊಬ್ಬಳೇ ಎಸೆದದ್ದು. ಅದು ನನಗೆ ಸರಿ ಕಾಣಲಿಲ್ಲ. ಹಾಗಾಗಿ ಈ ಬೇಸಿಗೆಯಲ್ಲಿ ನಾಲ್ಕು ಬಗೆಯ ಬಾಟ್ಲಿಗಳನ್ನು ಒಂದಾದ ಮೇಲೆ ಒಂದರಂತೆ ಹೊತ್ತು ನೋಡಿದೆ.

ಮೊದಲು, ಕೊಂಡ ಬಾಟ್ಲಿಯನ್ನೇ ತೊಳೆದು ಮತ್ತೆ ಬಳಸಿದೆ. ನಮ್ಮಲ್ಲಿ ತುಂಬಾ ಜನ ಮಾಡುವುದು ಇದನ್ನೇ ಅಲ್ವಾ? ಅಮ್ಮ ಬೆಳಿಗ್ಗೆ ಜೀರಿಗೆ ಹಾಕಿ ಕುದಿಸಿದ ನೀರನ್ನು ಅವಸರದಲ್ಲಿ ಬಿಸಿಬಿಸಿಯೇ ಹೊಯ್ದೆ. ಬಾಟ್ಲಿ ಕಣ್ಣೆದುರೇ ಸೊಂಟದ ಹತ್ತಿರ ಮುದುಡಿಕೊಂಡಿತು. ಬಾಯಿ ಸಣ್ಣದು, ಒಳಗೆ ಬ್ರಶ್ ಹೋಗುವುದಿಲ್ಲ. ನಾಲ್ಕು ದಿನಕ್ಕೆ ತಳದಲ್ಲಿ ಲೋಳೆ. ಬಳಸಿದ ಮೇಲೆ ಜಜ್ಜಿ ಹಾಕಿ ಅಂತ ಅದರ ಮೇಲೆಯೇ ಬರೆದಿರುತ್ತದೆ. ಇದು ಬೇಡವೇ ಬೇಡ.

ಎರಡನೆಯದು ಅಜ್ಜಿ ಕೊಟ್ಟ ತಾಮ್ರದ ಬಾಟ್ಲಿ. ರಾತ್ರಿ ತುಂಬಿಸಿಟ್ಟು ಬೆಳಿಗ್ಗೆ ಕುಡಿಯಬೇಕು ಎನ್ನುವುದು ಅಜ್ಜಿಯ ಮಾತು. ಅದರಲ್ಲಿ ಹುರುಳುಂಟು. ತಾಸುಗಟ್ಟಲೆ ತಾಮ್ರಕ್ಕೆ ತಾಗಿಕೊಂಡಿದ್ದ ನೀರಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಕಾಲೇಜಿಗೆ ಇದು ಒಗ್ಗುವುದಿಲ್ಲ. ಪುನರ್ಪುಳಿ ಜ್ಯೂಸ್, ಲಿಂಬೆ ಶರಬತ್ತು, ಮಜ್ಜಿಗೆ, ಯಾವುದನ್ನೂ ಹಾಕುವ ಹಾಗಿಲ್ಲ. ಹುಳಿ ತಾಗಿದರೆ ತಾಮ್ರ ಬಿಟ್ಟುಕೊಂಡು ಹೊಟ್ಟೆ ಸೇರುತ್ತದೆ. ವಾರಕ್ಕೊಮ್ಮೆ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಬೇಕು. ಇಂಟರ್ನಲ್ಸ್ ಇದ್ದ ವಾರ ತಿಕ್ಕದೆ ಬಿಟ್ಟೆ. ಮುಚ್ಚಳ ಬಿಚ್ಚಿದರೆ ತಿರುಪಿನ ಸುತ್ತ ಹಸಿರು ಕಿಲುಬು. ಮನೆಯಲ್ಲಿ ಅಜ್ಜಿಯ ಕೈಯಲ್ಲಿ ಅದು ಫಳಫಳ ಇರುತ್ತದೆ. ನಮ್ಮ ಬ್ಯಾಗಿನಲ್ಲಿ ಇರುವುದಿಲ್ಲ.

ಆಮೇಲೆ ಅಕ್ಕನ ಫ್ಲಾಸ್ಕ್. 900 ರೂಪಾಯಿಯದ್ದು, ಎರಡು ಪದರದ ಸ್ಟೀಲು, ಮಧ್ಯದಲ್ಲಿ ಗಾಳಿ ಇಲ್ಲ. ಐಸ್ ಹಾಕಿದ ದಿನ ಸಂಜೆವರೆಗೂ ತಣ್ಣಗಿತ್ತು, ಖುಷಿಯಾಯಿತು. ಮರುದಿನ ಅಮ್ಮನ ಕುದಿಸಿದ ನೀರು ತುಂಬಿಸಿದೆ. ಹನ್ನೊಂದು ಗಂಟೆಯ ಬ್ರೇಕಿನಲ್ಲಿ ಬಾಯಿಗಿಟ್ಟರೆ ನಾಲಿಗೆ ಸುಟ್ಟಿತು! ಕೈಯಲ್ಲಿ ನೀರಿದ್ದೂ ಬಾಯಾರಿಕೆ. ಕುದಿಸಿದ ನೀರು ಕುಡಿಯುವ ಮನೆಯವರು ಇದನ್ನು ಯೋಚಿಸಿಯೇ ಕೊಳ್ಳಬೇಕು. ಖಾಲಿ ಇದ್ದರೂ ಭಾರ, ಅದು ಬೇರೆ.

ಕೊನೆಗೆ ಒಂದೇ ಪದರದ ಸಾದಾ ಸ್ಟೀಲ್ ಬಾಟ್ಲಿ. 750 ಎಂ.ಎಲ್., ಅಗಲ ಬಾಯಿ, 380 ರೂಪಾಯಿ. ಒಂದು ತಿಂಗಳ ನೀರಿನ ಖರ್ಚಿಗಿಂತ ಕಡಿಮೆ! ಬಿಸಿನೀರು ಹಾಕಿದರೆ ಹೊರಗೆ ಮುಟ್ಟಲಾಗದು, ತಣ್ಣೀರು ಹಾಕಿದರೆ ಬೆವರಿ ನೋಟ್ಸ್ ಒದ್ದೆ. ಎರಡಕ್ಕೂ ಒಂದೇ ಉಪಾಯ, ಹಳೆ ಬೈರಾಸಿನ (ಟವೆಲಿನ) ತುಂಡು ಸುತ್ತುವುದು. ಕ್ಲಾಸಿನಲ್ಲಿ ಒಮ್ಮೆ ಬಿದ್ದು ಠಣ್ ಅಂತ ಸದ್ದಾಯಿತು, ತಳ ಸ್ವಲ್ಪ ನೆಗ್ಗಿತು. ಸೋರಲಿಲ್ಲ. ಪುನರ್ಪುಳಿ ಹಾಕಿದರೂ ರುಚಿ ಕೆಡಲಿಲ್ಲ. ಕೈ ಒಳಗೆ ಹಾಕಿ ತಿಕ್ಕಬಹುದು. ಮುಚ್ಚಳದ ರಬ್ಬರ್ ವಾಶರನ್ನು ಮಾತ್ರ ವಾರಕ್ಕೊಮ್ಮೆ ಪಿನ್ನಿನಿಂದ ಎಬ್ಬಿಸಿ ತೊಳೆಯಿರಿ. ನಮ್ಮ ಮಳೆಗಾಲದಲ್ಲಿ ಅದರಡಿ ಕಪ್ಪು ಬೂಸ್ಟು ಬಾರದೆ ಇರುವುದಿಲ್ಲ. ನನ್ನ ಆಯ್ಕೆ ಇದೇ.

"ಅಷ್ಟು ಭಾರ ಯಾರು ಹೊರುವುದು ಮಾರಾಯ್ತಿ?" ಅಂತ ಗೆಳತಿ ಕೇಳಿದಳು. ಮನೆಯಿಂದ ಅರ್ಧವೇ ತುಂಬಿಸಿ ತಂದರೆ ಸಾಕು, ಉಳಿದದ್ದು ಕಾಲೇಜಿನಲ್ಲಿ ತುಂಬಿಸಬಹುದು. ನಮ್ಮ ಹುಡುಗಿಯರಲ್ಲಿ ಎಷ್ಟೋ ಜನ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆಂದು ಸಂಜೆವರೆಗೆ ನೀರೇ ಮುಟ್ಟುವುದಿಲ್ಲ. ಈ ಸೆಕೆಯಲ್ಲಿ ಅದು ತುಂಬಾ ಕೆಟ್ಟದ್ದು. ಬಾಟ್ಲಿ ಬೆಂಚಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇದ್ದರೆ ಒಂದೆರಡು ಗುಟುಕಾದರೂ ಒಳಗೆ ಹೋಗುತ್ತದೆ. ಆ ಗೆಳತಿಯೂ ಈಗ ತರುತ್ತಾಳೆ.

ಇನ್ನೊಂದು ವಿಷಯ ನನಗೆ ನೋವು ಕೊಡುತ್ತದೆ. ಸೆಮಿನಾರ್ ಮುಗಿದ ಮೇಲೆ ಹಾಲಿನಲ್ಲಿ ನೋಡಿ, ಕುರ್ಚಿಗಳಡಿ ಅರ್ಧ ಕುಡಿದು ಬಿಟ್ಟ ಸಣ್ಣ ಬಾಟ್ಲಿಗಳು. ನಮ್ಮ ಬಸ್ಸು ದಿನಾ ತುಂಬೆ ದಾಟಿ ಬರುತ್ತದೆ. ಮಂಗಳೂರಿನ ನಳ್ಳಿಗೆ ನೀರು ಬರುವುದು ಅಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಅಲ್ಲಿ ನೀರು ಇಳಿದು ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟದ್ದು ಇಲ್ಲಿಯವರಿಗೆ ನೆನಪುಂಟು. ಸ್ವಂತ ಬಾಟ್ಲಿಯ ನೀರನ್ನು ಯಾರೂ ಹಾಗೆ ಬಿಟ್ಟು ಎದ್ದು ಹೋಗುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕಾಲೇಜಿನ ಕೂಲರಿನ ನಳ್ಳಿಗೂ ತಟ್ಟೆಗೂ ಎಷ್ಟು ಗೇಣು ಅಂತ ಅಳೆದುಕೊಳ್ಳಿ. ನಮ್ಮಲ್ಲಿ 750ರದ್ದು ನೆಟ್ಟಗೆ ನಿಲ್ಲುತ್ತದೆ. ಒಂದು ಲೀಟರಿನದ್ದನ್ನು ಓರೆ ಮಾಡಬೇಕು, ಮುಕ್ಕಾಲು ಮಾತ್ರ ತುಂಬುತ್ತದೆ.