ಒಂದೇ ದ್ರಾಕ್ಷಿ, ಎರಡು ಭರಣಿ

ಸಾವಯವ ವೈನ್ ಎಂದರೆ ಏನನ್ನೂ ಬೆರೆಸದ ವೈನ್ ಎಂದು ತಿಳಿದವರೇ ಹೆಚ್ಚು. ಬೆರೆಸಿದರೆ ಹೇಗೆ, ಬೆರೆಸದಿದ್ದರೆ ಹೇಗೆ ಎಂದು ನೋಡಲು, ಚಿಕ್ಕಬಳ್ಳಾಪುರ ಕಡೆಯ ಸಾವಯವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಹಿಸುಕಿ ಎರಡು ಗಾಜಿನ ಭರಣಿಗಳಿಗೆ ಸಮನಾಗಿ ಹಂಚಿದೆ. ಒಂದು ತಾನಾಗಿಯೇ ಹುದುಗಬೇಕು, ಇನ್ನೊಂದಕ್ಕೆ ಪೊಟ್ಟಣದ ವೈನ್ ಯೀಸ್ಟ್. ಸಕ್ಕರೆ ಎರಡಕ್ಕೂ ಅಷ್ಟೇ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ 1ರಷ್ಟು ಮದ್ಯಸಾರ ಹುಟ್ಟುತ್ತದೆ. ಮನೆಗಳಲ್ಲಿ ‘ಕಿಕ್ಕಿಗೆ’ ಎಂದು ಹಾಕುವ ಹಿಡಿ ಗೋಧಿಗೆ ಆ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ.

ತೋಟದ ವಿಷಯದಲ್ಲೂ ಒಂದು ಮಾತು. ಸಾವಯವ ಎಂದರೆ ಸಿಂಪಡಣೆಯೇ ಇಲ್ಲವೆಂದಲ್ಲ. ನಮ್ಮ ಅಡಿಕೆಗೆ ಕೊಳೆರೋಗ ತಡೆಯಲು ಹೊಡೆಯುವ, ತಾಮ್ರವಿರುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ. ಐರೋಪ್ಯ ಒಕ್ಕೂಟದ ಸಾವಯವ ಬೆಳೆಗಾರರು ಇಂದಿಗೂ ತಾಮ್ರ ಬಳಸಬಹುದು. ಮಿತಿ 7 ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ.

ತಾನಾಗಿ ಹುದುಗುವ ಭರಣಿಗೆ ತಾಳ್ಮೆ ಬೇಕು. ಮೊದಲಿಗೆ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಹಣ್ಣಿನ ಮೇಲಿನ ಬೂದಿಬಣ್ಣದ ಪೊರೆಯೇ ಯೀಸ್ಟ್ ಎಂದು ಹಲವರು ಹೇಳುತ್ತಾರೆ, ಅದು ಮೇಣ. ಯೀಸ್ಟ್ ಕಣ್ಣಿಗೆ ಕಾಣುವಂಥದ್ದಲ್ಲ. ಮೊದಲು ಕೆಲಸಕ್ಕಿಳಿಯುವ ಕಾಡು ತಳಿಗಳು ಮದ್ಯಸಾರ ಶೇ 4–5 ದಾಟುವ ಹೊತ್ತಿಗೆ ಸೋಲುತ್ತವೆ. ಮುಂದಿನದನ್ನು ಮದ್ಯಸಾರ ತಾಳಬಲ್ಲ ಸ್ಯಾಕರೊಮೈಸಿಸ್ ಎಂಬ ಯೀಸ್ಟ್ ವಹಿಸಿಕೊಳ್ಳಬೇಕು, ಅದು ತಡವಾದರೆ ತೊಂದರೆ. ನನ್ನ ಭರಣಿಯಿಂದ ಕೆಲವು ದಿನ ಉಗುರುಬಣ್ಣದ ಘಾಟು ಬಂತು. ಘಾಟು ಇಳಿಯಿತು, ಆದರೆ ಹುದುಗುವಿಕೆ ಪೂರ್ತಿಯಾಗದೆ ಸಿಹಿ ಉಳಿಯಿತು. ಹಾಗಿದ್ದೂ ರುಚಿಯಲ್ಲಿ ಪದರಗಳಿದ್ದವು: ಮೊದಲು ಹಣ್ಣು, ಆಮೇಲೆ ಒಗರು, ಕೊನೆಗೆ ಲವಂಗವನ್ನೇ ಹಾಕದಿದ್ದರೂ ಲವಂಗದಂಥ ಖಾರ.

ಪೊಟ್ಟಣದ್ದು ಮಾರನೆಯ ದಿನವೇ ನೊರೆ ಎಬ್ಬಿಸಿತು. ನಾನು ಹಾಕಿದ್ದು ಷಾಂಪೇನ್ ಪ್ರದೇಶದ ಇಸಿ-1118 ತಳಿ. ಶೇ 18ರವರೆಗೆ ಮದ್ಯಸಾರ ತಾಳುತ್ತದೆ. ಸಿಹಿ ಚೂರೂ ಉಳಿಯಲಿಲ್ಲ, ಗಸಿ ಬೇಗ ತಳ ಸೇರಿತು, ದೋಷ ಹುಡುಕಿದರೂ ಸಿಗದು. ರುಚಿ ಮಾತ್ರ ತಲೆಬಾಚಿ ಶಾಲೆಗೆ ಹೊರಟ ಹುಡುಗನಂತೆ ಅಚ್ಚುಕಟ್ಟು, ಅಷ್ಟೇ ಸಪ್ಪೆ. ಬೆಂಗಳೂರು ಬ್ಲೂವಿನ ಗಾಢ ಕಂಪನ್ನು ಎರಡೂ ಅಳಿಸಲಿಲ್ಲ. (ಬ್ರೆಡ್ ಯೀಸ್ಟ್ ಆಗದೇ ಎಂದರೆ, ಆಗುತ್ತದೆ; ಗಸಿ ಕೂರುವುದಕ್ಕೆ ಕಾದು ಸಾಕಾಗುತ್ತದೆ.)

ವೈನ್ ಕೆಡದಂತೆ ಕಾಯುವ ಸಲ್ಫೈಟನ್ನು ಬಾಟಲಿ ತುಂಬುವಾಗ ಎರಡೂ ವೈನಿನ ಅರ್ಧರ್ಧಕ್ಕೆ ಮಾತ್ರ ಹಾಕಿದೆ. 2012ರಲ್ಲಿ ಬಂದ ಐರೋಪ್ಯ ನಿಯಮ ಸಾವಯವ ಕೆಂಪು ವೈನಿಗೆ ಲೀಟರಿಗೆ 100 ಮಿಲಿಗ್ರಾಂವರೆಗೆ ಒಪ್ಪುತ್ತದೆ, ಸಾಮಾನ್ಯ ಕೆಂಪು ವೈನಿಗೆ ಮಿತಿ 150. ಅಮೆರಿಕದಲ್ಲಿ ‘ಸಾವಯವ ವೈನ್’ ಎಂದು ಬರೆಯಬೇಕಾದರೆ ಸೇರಿಸುವಂತೆಯೇ ಇಲ್ಲ. ಹುದುಗುವಾಗ ಯೀಸ್ಟ್ ತಾನೇ ಅಲ್ಪ ಸಲ್ಫೈಟ್ ಉತ್ಪಾದಿಸುವುದರಿಂದ ಸೊನ್ನೆ ಎನ್ನುವುದು ಎಲ್ಲೂ ಸಿಗದು. ತಿಂಗಳುಗಳ ನಂತರ ವ್ಯತ್ಯಾಸ ಕಣ್ಣಿಗೇ ಬಿತ್ತು. ಸಲ್ಫೈಟ್ ಇಲ್ಲದ ಬಾಟಲಿಗಳು ಕಂದಿದ್ದವು, ಅದರಲ್ಲೂ ಕಾಡು ಯೀಸ್ಟಿನದು ವಿನೆಗರಿನತ್ತ ಹೊರಟಿತ್ತು.

ಕ್ರಿಸ್‌ಮಸ್‌ಗೆ ತೆರೆದು ಜನವರಿಯೊಳಗೆ ಮುಗಿಸುವವರು ಸಲ್ಫೈಟ್ ಹಾಕಬೇಕಾಗಿಲ್ಲ. ವರ್ಷಗಟ್ಟಲೆ ಇಡುವವರು ಸಾವಯವದ ಹೆಸರಿನಲ್ಲಿ ಹಟ ಹಿಡಿಯದಿರುವುದು ಲೇಸು. ಕಾಡು ಯೀಸ್ಟಿನ ವೈನನ್ನು ನಾನು ಮತ್ತೆ ಮಾಡುತ್ತೇನೆ, ಆದರೆ ಚಿಕ್ಕ ಭರಣಿಯಲ್ಲಿ. ದೊಡ್ಡದಕ್ಕೆ ಪೊಟ್ಟಣವೇ ಸರಿ. ದುಬಾರಿ ದ್ರಾಕ್ಷಿಯನ್ನು ಅದೃಷ್ಟಕ್ಕೆ ಬಿಡಲು ಮನಸ್ಸಾಗುವುದಿಲ್ಲ.