ಲಿನಕ್ಸ್ ಲ್ಯಾಪ್‌ಟಾಪಿಗೆ ಎರಡು ಮಾನಿಟರ್: ಹಬ್ಬೋ, ಡ್ರೈವರ್ ಡಾಕೋ, ಥಂಡರ್‌ಬೋಲ್ಟೋ?

ನನ್ನ ಮೇಜಿನ ಮೇಲೆ ಎರಡು ಮಾನಿಟರ್ ಇವೆ. ಒಂದು 4ಕೆ, ಇನ್ನೊಂದು ಹಳೆಯ 1080ಪಿ. ಲ್ಯಾಪ್‌ಟಾಪಿನಲ್ಲಿ ಉಬುಂಟು. ಒಂದೇ ಟೈಪ್-ಸಿ ಕೇಬಲ್ ಚುಚ್ಚಿದರೆ ಎರಡರಲ್ಲೂ ಚಿತ್ರ ಬರಬೇಕು, ಚಾರ್ಜೂ ಆಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಇದಕ್ಕಾಗಿ ಮೂರು ಬಗೆಯ ಪೆಟ್ಟಿಗೆ ಬಳಸಿ ನೋಡಿದೆ.

ಮೊದಲು ತಂದದ್ದು ಎರಡು ಎಚ್‌ಡಿಎಂಐ ಇರುವ ಸಾದಾ ಹಬ್. ಡ್ರೈವರ್ ಬೇಡ, ಚುಚ್ಚಿದರೆ ಸಾಕು. ಆದರೆ 4ಕೆ ಮಾನಿಟರ್ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ದಾಟಲಿಲ್ಲ, ಮೌಸ್ ಎಳೆದರೆ ತಡವರಿಸುತ್ತಿತ್ತು. ಎರಡನೇ ಮಾನಿಟರ್ ಹಾಕಿದರೆ ಅದು ಕಪ್ಪು. ಲಿನಕ್ಸಿನದೇ ತಪ್ಪು ಅಂದುಕೊಂಡು ಕರ್ನಲ್ (ಲಿನಕ್ಸಿನ ತಿರುಳು) ಬದಲಿಸಿದೆ, ಪರದೆ ಮೇಲೆ ಕಿಟಕಿಗಳನ್ನು ಮೂಡಿಸುವ ವೇಲ್ಯಾಂಡ್ ಬಿಟ್ಟು ಅದೇ ಕೆಲಸದ ಹಳೆಯ ಎಕ್ಸ್11ಗೆ ಹೋದೆ. ಎಲ್ಲ ಸುಮ್ನೆ! ಆಮೇಲೆ ಕೂತು ಲೆಕ್ಕ ಹಾಕಿದೆ. ಎಲ್ಲ ತಂತಿ ಇರುವ ಟೈಪ್-ಸಿ ಕೇಬಲಿನಲ್ಲಿ ವೇಗದ ಲೇನ್ (ಡೇಟಾ ಸಾಗುವ ದಾರಿ) ನಾಲ್ಕು. ಹಬ್ ಯುಎಸ್‌ಬಿ 3ಕ್ಕೆ ಎರಡು ಇಟ್ಟುಕೊಂಡರೆ ಚಿತ್ರಕ್ಕೆ ಉಳಿಯುವುದು ಎರಡೇ. ನನ್ನ ಲ್ಯಾಪ್‌ಟಾಪಿನ ಡಿಸ್‌ಪ್ಲೇಪೋರ್ಟ್ 1.2ರಲ್ಲಿ (ಮಾನಿಟರಿಗೆ ಚಿತ್ರ ಸಾಗಿಸುವ ಪದ್ಧತಿ) ಒಂದು ಲೇನ್ ಹೊರುವುದು ಸೆಕೆಂಡಿಗೆ 4.32 ಗಿಗಾಬಿಟ್. ಎರಡು ಸೇರಿ 8.64. 4ಕೆ 60 ಹರ್ಟ್ಸ್‌ಗೆ 12ಕ್ಕಿಂತ ಜಾಸ್ತಿ ಬೇಕು. 30ಕ್ಕೆ ಇಳಿಸಿದರೂ 6 ದಾಟುತ್ತದೆ, ಜೊತೆಗೆ 1080ಪಿಗೆ ಇನ್ನೂ 3ಕ್ಕಿಂತ ಹೆಚ್ಚು. ಹಿಡಿಸುವುದಾದರೂ ಹೇಗೆ? ಎರಡನ್ನೂ 1080ಪಿಗೆ ಇಟ್ಟಾಗ ಮಾತ್ರ ಎರಡೂ ಬಂದವು. ಇದನ್ನು ಯಾವ ಕಮಾಂಡೂ ಸರಿಮಾಡದು.

ಎರಡನೆಯದು ಡ್ರೈವರ್ ಡಾಕ್, ಅಂದರೆ ತನ್ನದೇ ಡ್ರೈವರ್ ತಂತ್ರಾಂಶ ಹಾಕಿದರೆ ಮಾತ್ರ ಚಿತ್ರ ಕೊಡುವ ಪೆಟ್ಟಿಗೆ. ಇದು ಗ್ರಾಫಿಕ್ಸ್ ಚಿಪ್ಪಿನ ಸಿಗ್ನಲನ್ನು ನೇರ ಸಾಗಿಸುವುದಿಲ್ಲ. ಸಿಪಿಯು ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಡೇಟಾ ಮಾಡಿ ಕಳಿಸುತ್ತದೆ, ಡಾಕ್ ಅದನ್ನು ಮತ್ತೆ ಬಿಡಿಸುತ್ತದೆ. ಟೈಪ್ ಮಾಡುವಾಗ ಏನೂ ಗೊತ್ತಾಗಲಿಲ್ಲ. ವಿಡಿಯೋ ಹಾಕಿದ ತಕ್ಷಣ ಫ್ಯಾನ್ ಕೂಗತೊಡಗಿತು. ಸೆಕ್ಯೂರ್ ಬೂಟ್ (ಸಹಿ ಇರುವ ಕೋಡನ್ನಷ್ಟೇ ನಂಬುವ ರಕ್ಷಣೆ) ಆನ್ ಇದ್ದರೆ ಸಹಿ ಇಲ್ಲದ ಡ್ರೈವರ್ ಮಾಡ್ಯೂಲನ್ನು ಕರ್ನಲ್ ಒಳಗೇ ಬಿಡದು. ಮೋಕ್‌ಯುಟಿಲ್ (mokutil) ಕಮಾಂಡಿನಿಂದ ಸಹಿಯ ಕೀ ಸೇರಿಸಿ, ರೀಬೂಟ್ ಮಾಡಿ, ನೀಲಿ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟ ಮೇಲೆ ಕೆಲಸ ಶುರುವಾಯಿತು. ಒಂದು ಬೆಳಗ್ಗೆ ಕರ್ನಲ್ ಅಪ್‌ಡೇಟ್ ಆಗಿತ್ತು, ಹೊಸ ಕರ್ನಲ್‌ಗೆ ಮಾಡ್ಯೂಲನ್ನು ಹೊಂದಿಸುವ ಡಿಕೆಎಂಎಸ್ ಅದನ್ನು ಮತ್ತೆ ಬಿಲ್ಡ್ ಮಾಡುವಾಗ ಸೋತಿತ್ತು. ಎರಡೂ ಮಾನಿಟರ್ ಕಪ್ಪು. ಬೂಟ್ ಮೆನು ಗ್ರಬ್‌ನಲ್ಲಿ ಹಳೆಯ ಕರ್ನಲ್ ಆರಿಸಿಕೊಂಡು ಆ ದಿನ ಕಳೆದೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೀರಾ? ಹಾಗಿದ್ದರೆ ಬೂಟ್ ಹೊತ್ತಿನ ಪಾಸ್‌ವರ್ಡ್ ಪ್ರಶ್ನೆ ಈ ಡಾಕಿನ ಮಾನಿಟರಿನಲ್ಲಿ ಕಾಣುವುದಿಲ್ಲ. ದಿನವೂ ಮುಚ್ಚಳ ತೆರೆಯಲೇಬೇಕು. ಹಾಗಂತ ಇದನ್ನು ಬಯ್ಯಲಾರೆ. ಟೈಪ್-ಸಿಯಲ್ಲಿ ಚಿತ್ರವೇ ಬರದ ಹಳೆಯ ಲ್ಯಾಪ್‌ಟಾಪಿಗೆ ಸಾದಾ ಯುಎಸ್‌ಬಿ ಪೋರ್ಟಿನಿಂದಲೇ ಎರಡು ಮಾನಿಟರ್ ಕೊಡುವುದು ಇದೊಂದೇ.

ಮೂರನೆಯದು ಥಂಡರ್‌ಬೋಲ್ಟ್ 3 ಡಾಕ್, ಟೈಪ್-ಸಿ ರೂಪದ ಪೋರ್ಟಿನಲ್ಲೇ ಹೆಚ್ಚು ವೇಗ ಕೊಡುವ ಬಗೆ. ಅದು ಬಂದ ದಿನವೇ 4ಕೆ 60ಕ್ಕೆ ಏರಿತು, ಪಕ್ಕದ್ದೂ ಬಂತು. ಆದರೆ ಡಾಕಿನ ಈಥರ್ನೆಟ್, ಕೀಬೋರ್ಡ್ ಎರಡೂ ಸತ್ತಂತಿದ್ದವು. ಥಂಡರ್‌ಬೋಲ್ಟ್ ಸಾಧನಗಳನ್ನು ತೋರಿಸುವ ಬೋಲ್ಟ್‌ಸಿಟಿಎಲ್ ಲಿಸ್ಟ್ (boltctl list) ಕಮಾಂಡ್ ನೋಡಿದರೆ ಡಾಕ್ ಕನೆಕ್ಟ್ ಆಗಿದೆ, ಅನುಮತಿ ಇಲ್ಲ. ಚಿತ್ರಕ್ಕೆ ಅನುಮತಿ ಬೇಡ, ಈಥರ್ನೆಟ್, ಕೀಬೋರ್ಡ್ ಬಳಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಗೆ ಬೇಕು. ಒಮ್ಮೆ ಎನ್‌ರೋಲ್ ಮಾಡಿ ಕಾಯಂ ಅನುಮತಿ ಕೊಟ್ಟೆ, ಮತ್ತೆ ಕೇಳಲಿಲ್ಲ.

ನನ್ನ ಆಯ್ಕೆ ಈ ಥಂಡರ್‌ಬೋಲ್ಟ್ ಡಾಕೇ. ಒಂದೇ ಮಾನಿಟರ್ ಸಾಕು ಅನ್ನುವವರಿಗೆ ಮೂರೂ ಬೇಡ. ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ನೇರ ಕೇಬಲ್ ಹಾಕಿ, ನಾಲ್ಕೂ ಲೇನ್ ಚಿತ್ರಕ್ಕೇ ಸಿಗುತ್ತವೆ.

ಏನೂ ಬರದಿದ್ದರೆ ಮೊದಲು ಕೇಬಲ್ ಬದಲಿಸಿ. ನಾನು ಎರಡು ಸಂಜೆ ಲಾಗ್ ಓದಿ ಕಳೆದಿದ್ದು ಒಂದು ಫೋನ್ ಚಾರ್ಜರಿನ ಕೇಬಲಿಂದ. ಚಾರ್ಜ್ ಆಗುತ್ತಿತ್ತು, ಹಾಗಾಗಿ ಅನುಮಾನವೇ ಬರಲಿಲ್ಲ. ಅದರೊಳಗೆ ಯುಎಸ್‌ಬಿ 2ರ ತಂತಿ ಮಾತ್ರ ಇತ್ತು, ವೇಗದ ಲೇನ್ ಇರಲಿಲ್ಲ. ಕೇಬಲ್ ಸರಿ ಇದ್ದರೆ ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್ (dmesg -w) ಓಡಲು ಬಿಟ್ಟು ಡಾಕ್ ಚುಚ್ಚಿ. ಒಂದು ಸಾಲೂ ಹೊಸದಾಗಿ ಬೀಳದಿದ್ದರೆ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್ ತಡಕುವುದು ವ್ಯರ್ಥ. ಅಂದಹಾಗೆ, ವೇಲ್ಯಾಂಡಿನಲ್ಲಿ ಎಕ್ಸ್‌ರ್ಯಾಂಡ್‌ಆರ್ ಕಮಾಂಡಿನಿಂದ ರೆಸಲ್ಯೂಶನ್ ಬದಲಾಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದು ಎಕ್ಸ್11ರ ಸಾಧನ ಅಲ್ವಾ.

ಥಂಡರ್‌ಬೋಲ್ಟ್ ಡಾಕಿನದೂ ಒಂದು ತಕರಾರಿತ್ತು. ಸಸ್ಪೆಂಡಿನಿಂದ ಎದ್ದಾಗ ಆಗಾಗ ಎರಡನೇ ಮಾನಿಟರ್ ಮಲಗೇ ಇರುತ್ತಿತ್ತು. ಎಫ್‌ಡಬ್ಲ್ಯುಅಪ್‌ಡಿ (fwupd) ಸಾಧನದ ಮೂಲಕ ಡಾಕಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಏರಿಸಿದ ಮೇಲೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹಾಗಾದಾಗ ಕೇಬಲ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚುತ್ತೇನೆ.