ಗುರುವಾರ ಬಾಗಿಲು ಮುಚ್ಚುವ ಈಜುಕೊಳ: ಆಸ್ಟಿನ್ ನಗರದ ಬಾರ್ಟನ್ ಸ್ಪ್ರಿಂಗ್ಸ್

ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬರುವ ನಮ್ಮವರು ಎಲ್ಲಿಗೆ ಹೋಗಬೇಕೆಂದು ಕೇಳಿದಾಗ ನಾನು ಮೊದಲು ಹೇಳುವ ಹೆಸರು ಜಿಲ್ಕರ್ ಪಾರ್ಕಿನ ಬಾರ್ಟನ್ ಸ್ಪ್ರಿಂಗ್ಸ್ ಈಜುಕೊಳ. ಅದರ ಬೆನ್ನಿಗೇ ಹೇಳುವ ಮಾತು, ಗುರುವಾರ ಹಗಲು ಹೋಗಬೇಡಿ ಎಂಬುದು. ಪ್ರತಿ ಗುರುವಾರ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಕೊಳವನ್ನು ತೊಳೆಯುವುದಕ್ಕಾಗಿ ಮುಚ್ಚಿರುತ್ತಾರೆ. ಬಿಸಿಲು 38 ಡಿಗ್ರಿ ದಾಟಿದ ದಿನ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಬಾಗಿಲಿನಿಂದಲೇ ಹಿಂದಿರುಗುವವರಿಗೆ ಇದು ಸಿಟ್ಟು ತರಿಸುವುದು ಸಹಜ. ಆದರೆ ಆರು ವರ್ಷಗಳಿಂದ ಇಲ್ಲಿ ಈಜುತ್ತಿರುವ ನನಗೆ ಈ ಕೊಳದ ನಿರ್ವಹಣೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗಿರುವುದು ಆ ಗುರುವಾರವೇ.

ಮೊದಲು ನೀರಿನ ಮಾತು. ಇದು ಸುಮಾರು ಮೂರು ಎಕರೆ ಹರಡಿರುವ, ಮೇಲೂ ಕೆಳಗೂ ಕಟ್ಟೆ ಕಟ್ಟಿ ನಿಲ್ಲಿಸಿದ ಒರತೆಯ ನೀರು. ಆಳವಾದ ಕಡೆ 18 ಅಡಿಯವರೆಗೆ ಇಳಿಯುತ್ತದೆ. ಊರಿನ ನೈಋತ್ಯಕ್ಕಿರುವ ಸುಣ್ಣಕಲ್ಲಿನ ಭೂಮಿಯಲ್ಲಿ ಬಿದ್ದ ಮಳೆ, ಹಳ್ಳಗಳ ತಳದ ಬಿರುಕುಗಳಲ್ಲಿ ಇಂಗಿ, ಎಡ್ವರ್ಡ್ಸ್ ಎಂಬ ಅಂತರ್ಜಲದ ಪದರದೊಳಗೆ ಸಾಗಿ ಬಂದು ಇಲ್ಲಿ ಚಿಮ್ಮುತ್ತದೆ. ಇಲ್ಲಿನ ಸೆಲೆಗಳ ಗುಂಪು ದಿನಕ್ಕೆ ಸರಾಸರಿ ಸುಮಾರು 3 ಕೋಟಿ ಗ್ಯಾಲನ್, ಅಂದರೆ 11 ಕೋಟಿ ಲೀಟರಿನಷ್ಟು ನೀರನ್ನು ಹೊರಹಾಕುತ್ತದೆ. ಬೇಸಿಗೆಯಾಗಲಿ ಚಳಿಗಾಲವಾಗಲಿ ನೀರಿನ ಉಷ್ಣತೆ 20-21 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ, ಮೇ ತಿಂಗಳಲ್ಲಿ ಮೈ ನಡುಗಿಸುವ ಅದೇ ನೀರು ಜನವರಿಯ ಬೆಳಿಗ್ಗೆ ಬೆಚ್ಚಗೆ ಹಬೆಯಾಡುತ್ತದೆ. ನಾನು ಈಜು ಕಲಿತದ್ದು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ನಮ್ಮ ತೋಟದ ಬಾವಿಯಲ್ಲಿ. ಆ ಬಾವಿಯ ತಳದಲ್ಲಿ ನೀರು ಉಕ್ಕುವ ಜಾಗವನ್ನು ನಮ್ಮ ಅಜ್ಜ ಜಲದ ಕಣ್ಣು ಎನ್ನುತ್ತಿದ್ದರು. ಇಲ್ಲಿ ಪಾರ್ಥೀನಿಯಾ ಎಂಬ ಮುಖ್ಯ ಸೆಲೆಯ ಮೇಲೆ ಈಜಿ, ಕೆಳಗಿನಿಂದ ಬರುವ ತಣ್ಣನೆಯ ಒತ್ತಡ ಹೊಟ್ಟೆಗೆ ತಗುಲಿದಾಗ ನನಗೆ ನೆನಪಾದದ್ದು ಆ ಮಾತು.

ಸಾಮಾನ್ಯ ಈಜುಕೊಳಗಳಲ್ಲಿ ಇರುವ ನೀರನ್ನೇ ಪಂಪಿನಿಂದ ಎತ್ತಿ, ಮರಳಿನ ಫಿಲ್ಟರಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಮರಳಿ ಬಿಡುತ್ತಾರೆ. ಬಯಲಿನ ಕೊಳಗಳಲ್ಲಂತೂ ಬಿಸಿಲೇ ಕ್ಲೋರಿನ್ನನ್ನು ಒಡೆದುಹಾಕುವುದರಿಂದ ಮತ್ತೆ ಮತ್ತೆ ಅಳೆದು ಸೇರಿಸುತ್ತಿರಬೇಕಾಗುತ್ತದೆ. ಬಾರ್ಟನ್ ಸ್ಪ್ರಿಂಗ್ಸ್‌ನ ನೀರಿಗೆ ಕ್ಲೋರಿನ್ ಬೆರೆಸುವುದಿಲ್ಲ. ಬರುವ ನೀರು ಬರುತ್ತಿರುತ್ತದೆ, ಹೋಗುವ ನೀರು ಕೆಳಗಿನ ಕಟ್ಟೆಯ ಮೂಲಕ ನದಿಯ ಕಡೆಗೆ ಹೋಗುತ್ತಿರುತ್ತದೆ. ಹಾಗೆಂದು ಕೆಲಸ ಕಡಿಮೆಯೇನಲ್ಲ. ತಿಳಿನೀರಿನಲ್ಲಿ ಬಿಸಿಲು ತಳ ಮುಟ್ಟುವುದರಿಂದ ಪಾಚಿ ಬೇಗ ಹಬ್ಬುತ್ತದೆ, ಮೆಟ್ಟಿಲುಗಳ ಮೇಲೆ ಕಾಲಿಟ್ಟರೆ ಜಾರುತ್ತದೆ. ಅದನ್ನು ಕೊಲ್ಲಲು ಔಷಧಿ ಹಾಕುವಂತಿಲ್ಲವಾದ್ದರಿಂದ, ನಗರದ ಉದ್ಯಾನ ಇಲಾಖೆಯ ಸಿಬ್ಬಂದಿಯೂ ಅವರೊಡನೆ ಕೈಜೋಡಿಸುವ ಸ್ವಯಂಸೇವಕರೂ ಗುರುವಾರ ನೀರಿಗಿಳಿದು ಬ್ರಷ್ಷಿನಿಂದ ಉಜ್ಜಿ, ಒತ್ತಡದ ನೀರಿನ ಕೊಳವೆಗಳಿಂದ ತೊಳೆದು ಅದನ್ನು ತೆಗೆಯುತ್ತಾರೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮನೆಮಂದಿಯೆಲ್ಲ ಸೇರಿ ಬಾವಿಯ ಹೂಳೆತ್ತುತ್ತಿದ್ದೆವು, ಅದು ವರ್ಷಕ್ಕೊಮ್ಮೆ, ಇವರದು ವಾರಕ್ಕೊಮ್ಮೆ.

ಔಷಧಿ ಏಕೆ ಹಾಕುವಂತಿಲ್ಲ ಎಂಬುದಕ್ಕೆ ಒಂದು ಕಾರಣ ಬೆರಳುದ್ದದ ಜೀವಿ. ಬಾರ್ಟನ್ ಸ್ಪ್ರಿಂಗ್ಸ್ ಸಲಮಾಂಡರ್ ಎಂಬ, ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ದೂರದ ಬಂಧುವಾದ ಈ ಉಭಯಚರವು ಇಡೀ ಬದುಕನ್ನು ನೀರಿನಲ್ಲೇ ಕಳೆಯುತ್ತದೆ, ಈ ಕೊಳವೂ ಸುತ್ತಲಿನ ಸೆಲೆಗಳೂ ಅದರ ಮುಖ್ಯ ನೆಲೆ. ಹಿಂದೆ ಕೊಳವನ್ನು ಬಸಿದು ಕ್ಲೋರಿನ್ನಿನಿಂದ ತೊಳೆಯುತ್ತಿದ್ದರು. 1992ರಲ್ಲಿ ಹಾಗೆ ತೊಳೆದಾಗ ಸಲಮಾಂಡರ್‌ಗಳು ಸತ್ತುಬಿದ್ದ ಮೇಲೆ ಆ ಪದ್ಧತಿ ನಿಂತಿತು. 1997ರಲ್ಲಿ ಇದು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿತು. ಅಲ್ಲಿಂದಾಚೆಗೆ ನಗರವು ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆಯಿಂದ ಷರತ್ತುಬದ್ಧ ಪರವಾನಗಿ ಪಡೆದು ಈಜುಕೊಳವನ್ನು ನಡೆಸುತ್ತಿದೆ. ಸೆಲೆಯ ಬಾಯಿ ಒಣಗಬಾರದೆಂದು ಈಗ ಕೊಳದ ನೀರನ್ನು ಮನಬಂದಂತೆ ಇಳಿಸುವುದಿಲ್ಲ. ಈಜುವವರಿಗೆ ಮನರಂಜನೆಯ ಸ್ಥಳವಾಗಿಯೂ ಪ್ರಾಣಿಗೆ ಮನೆಯಾಗಿಯೂ ಒಂದೇ ಜಾಗವನ್ನು ಕಾಯುವ ಈ ಜವಾಬ್ದಾರಿಯನ್ನು ಒಂದು ನಗರಾಡಳಿತ ಇಷ್ಟು ವರ್ಷ ಹೊತ್ತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಕೊಳದ ನಿರ್ವಹಣೆ ಅದರ ಬೇಲಿಯೊಳಗೆ ಮುಗಿಯುವುದೂ ಇಲ್ಲ. ಮೇಲಿನ ಬಯಲುಗಳಲ್ಲಿ ಕಾಂಕ್ರೀಟು ಹರಡಿದಷ್ಟೂ ಸೆಲೆಗೆ ಬರುವ ನೀರು ಕೆಡುತ್ತದೆಂದು ಅರಿತ ಆಸ್ಟಿನ್‌ನ ಮತದಾರರು 1992ರಲ್ಲಿ, ನೀರು ಇಂಗುವ ಪ್ರದೇಶದಲ್ಲಿ ನೆಲವನ್ನು ಎಷ್ಟು ಮುಚ್ಚಬಹುದೆಂಬುದಕ್ಕೆ ಮಿತಿ ಹಾಕುವ ಕಾನೂನನ್ನು ಮತ ಹಾಕಿ ತಂದರು. ವಾಹನ ನಿಲ್ದಾಣಗಳ ಮೇಲೆ ಬಳಿಯುವ ಕಲ್ಲಿದ್ದಲು ಡಾಂಬರಿನ ಲೇಪದಿಂದ ವಿಷವಸ್ತುಗಳು ತೊಳೆದು ಹಳ್ಳಗಳ ಹೂಳಿಗೆ ಸೇರುತ್ತಿವೆಯೆಂದು ತಿಳಿದಾಗ, 2006ರಿಂದ ನಗರವು ಆ ಲೇಪವನ್ನೇ ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಇದು. ಎಲ್ಲೋ ಮೈಲಿಗಳಾಚೆ ಒಂದು ಅಂಗಡಿಯ ಮುಂದಿನ ನೆಲಕ್ಕೆ ಏನು ಬಳಿಯುತ್ತಾರೆ ಎಂಬುದನ್ನೂ ಈಜುಕೊಳದ ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ಗೌರವ ಹುಟ್ಟಿಸುತ್ತದೆ.

ಕೊಳವನ್ನು ಎಷ್ಟು ಕಾಪಾಡಿದರೂ ಮಳೆಯ ಮೇಲೆ ಯಾರ ಹಿಡಿತವೂ ಇಲ್ಲ. ಪಕ್ಕದ ಬಾರ್ಟನ್ ಹಳ್ಳದ ನೀರು ಕೊಳಕ್ಕೆ ನುಗ್ಗದಂತೆ ದಂಡೆಯ ಅಡಿಯಲ್ಲಿ ಪ್ರತ್ಯೇಕ ಕಾಲುವೆಯಿದೆ. ಆದರೆ ದೊಡ್ಡ ಮಳೆಗೆ ಹಳ್ಳವು ಮೇಲಿನ ಕಟ್ಟೆಯನ್ನು ಹಾರಿ ಒಳಬಂದು ಕೆಸರು, ಜಲ್ಲಿ, ಕಸಕಡ್ಡಿಗಳನ್ನು ತುಂಬಿಬಿಡುತ್ತದೆ, ಅದನ್ನೆಲ್ಲ ತೆಗೆಯುವವರೆಗೆ ಕೊಳ ತೆರೆಯುವುದಿಲ್ಲ. ಬರಗಾಲದಲ್ಲಿ ಇದಕ್ಕೆ ವಿರುದ್ಧವಾಗಿ ಸೆಲೆ ಸೊರಗಿ ಹರಿವು ಮಂದವಾಗುತ್ತದೆ, ಪಾಚಿಗೆ ಅದೇ ಅನುಕೂಲ. ಆದ್ದರಿಂದ ಹೊರಡುವ ಮುನ್ನ ಕೊಳ ತೆರೆದಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಕೊಳ ಮುಚ್ಚಿದ್ದರೆ ನಿರಾಶರಾಗಬೇಕಾಗಿಲ್ಲ. ನದಿಯ ಆಚೆ ದಡದಲ್ಲಿ ಡೀಪ್ ಎಡ್ಡಿ ಎಂಬ ಇನ್ನೊಂದು ಸಾರ್ವಜನಿಕ ಈಜುಕೊಳವಿದೆ; ಟೆಕ್ಸಾಸ್‌ನ ಅತ್ಯಂತ ಹಳೆಯ ಈಜುಕೊಳವೆಂದು ಹೆಸರಾದ ಅದಕ್ಕೆ ಬಾವಿಯ ನೀರನ್ನು ತುಂಬುತ್ತಾರೆ. ಚಿಕ್ಕ ಮಕ್ಕಳಿಗೆ ಅದೇ ಹೆಚ್ಚು ಹಿತವೆಂದು ನನ್ನ ಅನಿಸಿಕೆ, ಏಕೆಂದರೆ ಅಲ್ಲಿ ಆಳವಿಲ್ಲದ ಭಾಗ ವಿಶಾಲವಾಗಿದೆ, ತಳ ಸಮತಟ್ಟಾಗಿದೆ.

ಒಂದು ವಿಷಯವನ್ನು ಇಲ್ಲಿ ಈಜುವವರೆಲ್ಲರೂ ತಿಳಿದಿರಬೇಕೆಂದು ನನಗನಿಸುತ್ತದೆ. 1960ರಲ್ಲೂ ಈ ಸಾರ್ವಜನಿಕ ಕೊಳಕ್ಕೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಆ ವರ್ಷ ಜೋನ್ ಮೀನ್ಸ್ ಎಂಬ ಶಾಲಾ ವಿದ್ಯಾರ್ಥಿನಿ ನಿಷೇಧವನ್ನು ಲೆಕ್ಕಿಸದೆ ನೀರಿಗೆ ಹಾರಿದರು, ಅವರ ಹಿಂದೆ ಇತರರೂ ಬಂದರು, ಮುಂದೆ ನಿಷೇಧ ತೆರವಾಯಿತು. ಕೆರೆಬಾವಿಗಳ ನೀರು ಯಾರು ಮುಟ್ಟಬೇಕೆಂಬ ಜಗಳವನ್ನು ಕಂಡ ನಾಡಿನಿಂದ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೋಗುವವರಿಗೆ ಕೆಲವು ಮಾತು. ನಗರದ ನಿವಾಸಿಗಳಿಗಿಂತ ಹೊರಗಿನವರಿಗೆ ಪ್ರವೇಶ ಶುಲ್ಕ ಹೆಚ್ಚು. ತಿಂಡಿ, ಗಾಜಿನ ಬಾಟಲಿ, ಮದ್ಯ ಒಳಗೆ ತರುವಂತಿಲ್ಲ, ಆದ್ದರಿಂದ ಚಿತ್ರಾನ್ನದ ಡಬ್ಬಿಯನ್ನು ಪಾರ್ಕಿನ ಹುಲ್ಲಿನ ಮೇಲೆ ಕುಳಿತು ಮುಗಿಸಿಯೇ ಒಳಹೋಗಿ. ಈಜು ಚೆನ್ನಾಗಿ ಬಾರದ ಹಿರಿಯರು ಜೀವರಕ್ಷಕರಿಲ್ಲದ ಬೆಳಗಿನ ಹೊತ್ತನ್ನು ಬಿಟ್ಟು 8 ಗಂಟೆಯ ನಂತರ ಬರಲಿ. ನಾನಂತೂ ಗುರುವಾರ ಸಂಜೆ 7ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಲ್ಲುತ್ತೇನೆ; ಬೇರೆ ದಿನ ಜಾರುವ ಮೆಟ್ಟಿಲುಗಳು ಆ ಸಂಜೆ ಅಂಗಾಲಿಗೆ ಒರಟಾಗಿ ಸಿಗುತ್ತವೆ.